ಕಸೂತಿಯ ಮೊದಲ ಗೋಪುರ: ಹಿಂದೆ ಮುಂದೆ ಒಂದೇ ಥರ ಕಾಣುವಂತೆ ಹಾಕುವುದು ಹೇಗೆ?

ನಮ್ಮ ದೊಡ್ಡವ್ವನ ಕೈಗೆ ಯಾವ ಕಸೂತಿ ಕೊಟ್ಟರೂ ಮೊದಲು ಬಟ್ಟೆ ತಿರುವುತ್ತಿದ್ದಳು. ನವಿಲು, ತೇರು, ಬಣ್ಣ ಎಲ್ಲ ಆಮೇಲೆ. "ಹಿಂದ ತೋರ್ಸವ್ವಾ ಮೊದ್ಲ" ಅನ್ನುವಳು. ಹಿಂಬದಿಯಲ್ಲಿ ಒಂದು ಗಂಟು ಕಂಡರೂ ಸಾಕು, ಮಾತಿಲ್ಲದೆ ಬಟ್ಟೆ ವಾಪಸ್ ಬರುತ್ತಿತ್ತು. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಯಾರಿಗೂ ಕಾಣದ ಕಡೆಗೆ ಇಷ್ಟೊಂದು ಯಾಕೆ ಅಂತ ಸಿಟ್ಟು ಬರುತ್ತಿತ್ತು. ಸೀರೆ ಉಡಲು ಶುರು ಮಾಡಿದ ಮೇಲೆ ಗೊತ್ತಾಯಿತು, ಸೆರಗಿಗೆ ಹಿಂಬದಿ ಅನ್ನುವುದೇ ಇಲ್ಲ. ತಲೆ ಮೇಲೆ ಹೊದ್ದರೆ, ಗಾಳಿಗೆ ಹಾರಿದರೆ, ಸುತ್ತಿ ಸೊಂಟಕ್ಕೆ ಸಿಕ್ಕಿಸಿದರೆ ಒಳಮಗ್ಗುಲು ಹೊರಗೆ ಬಂದೇ ಬರುತ್ತದೆ.

ಧಾರವಾಡ, ಹುಬ್ಬಳ್ಳಿ ಕಡೆಯ ಕಸೂತಿ ಬೇರೆ ಕಸೂತಿಗಳಿಂದ ಬೇರೆಯಾಗುವುದು ಇಲ್ಲೇ. ಇದರಲ್ಲಿ ಚಿತ್ರವನ್ನು ಬಟ್ಟೆ ಮೇಲೆ ಬರೆದುಕೊಳ್ಳುವುದಿಲ್ಲ. ಪೆನ್ಸಿಲ್ ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕಬೇಕು. ಎಣಿಕೆ ಒಂದು ಕಡೆಯಾದರೆ, ದಾರ ಯಾವ ದಾರಿಯಲ್ಲಿ ಹೋಗಿ ಯಾವ ದಾರಿಯಲ್ಲಿ ವಾಪಸ್ ಬರಬೇಕು ಅನ್ನುವ ಲೆಕ್ಕ ಇನ್ನೊಂದು ಕಡೆ. ಎಣಿಕೆ ಎಲ್ಲರೂ ಕಲಿಸುತ್ತಾರೆ. ದಾರಿಯನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಇಲ್ಲಿ ದಾರಿಯ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಕೊನೆಗೆ ನಿಮ್ಮ ಕೈಯಲ್ಲಿ ಬಾಗಿಲು, ಕಳಸ ಇರುವ ಒಂದು ಪುಟ್ಟ ಗೋಪುರ ಇರಬೇಕು. ನನ್ನ ಆಸೆ ಅಷ್ಟೇ.

ನಾಲ್ಕು ಹೊಲಿಗೆಗಳು

ಕಸೂತಿಯಲ್ಲಿ ನಾಲ್ಕೇ ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತಿ.

ಗವಂತಿ ಗೆರೆಯ ಹೊಲಿಗೆ. ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಅಂತ ಬಿಟ್ಟು ಬಿಟ್ಟು ಹೋಗುತ್ತೀರಿ. ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತೀರಿ. ಮುರಗಿಯೂ ಇದೇ, ಆದರೆ ಗೆರೆ ನೇರ ಹೋಗದೆ ಮೆಟ್ಟಿಲಿನ ಹಾಗೆ ಏರುತ್ತದೆ. ಈ ಎರಡರಲ್ಲೂ ಹಿಂದೆ ಮುಂದೆ ಒಂದೇ ಚಿತ್ರ. ನೇಗಿ ಅಂದರೆ ನೇಯ್ಗೆ. ಉದ್ದ, ಗಿಡ್ಡ ಹೊಲಿಗೆಗಳ ಸಾಲು ಹಾಕುತ್ತಾ ಹೋದರೆ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತಿ ಅಂದರೆ ಗುಣಿಸು ಚಿಹ್ನೆಯ ಹಾಗಿರುವ ಅಡ್ಡ ಹೊಲಿಗೆ. ಒತ್ತಾಗಿ ಹಾಕಿದರೆ ಮೆಂತ್ಯದ ಕಾಳು ಚೆಲ್ಲಿದ ಹಾಗಿರುತ್ತದೆ. ನೇಗಿ, ಮೆಂತಿಗಳ ಹಿಂಬದಿ ಮುಂಬದಿಯ ಥರ ಇರುವುದಿಲ್ಲ. ಅದು ತಪ್ಪಲ್ಲ, ಆ ಹೊಲಿಗೆಗಳ ಗುಣವೇ ಹಾಗೆ.

ಗವಂತಿಯಂಥ ಹೊಲಿಗೆ ನಮ್ಮಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಯುರೋಪಿನಲ್ಲಿ ಇದಕ್ಕೆ ಹೋಲ್ಬೈನ್ ಹೊಲಿಗೆ ಅನ್ನುತ್ತಾರೆ. ಹಾನ್ಸ್ ಹೋಲ್ಬೈನ್ ಚಿತ್ರಕಾರ, ಹೊಲಿಯುವವನಲ್ಲ. ಇಂಗ್ಲೆಂಡಿನ ಅರಮನೆಯವರ ಚಿತ್ರ ಬರೆಯುವಾಗ ಅವರ ಕಾಲರ್, ತೋಳಿನ ಪಟ್ಟಿಯ ಹೊಲಿಗೆಯನ್ನೂ ಎಳೆ ಬಿಡದೆ ಬರೆದ. 1536–37ರಲ್ಲಿ ಬರೆದ ರಾಣಿ ಜೇನ್ ಸೀಮೋರ್ ಚಿತ್ರದಲ್ಲಿ ಮುಂಗೈ ಹತ್ತಿರ ಆ ಕಪ್ಪು ಹೊಲಿಗೆ ಸ್ಪಷ್ಟವಾಗಿ ಕಾಣುತ್ತದೆ. ಮುಂಗೈ ಪಟ್ಟಿಯ ಒಳಭಾಗವೂ ಕಾಣುವಂಥದ್ದೇ, ನಮ್ಮ ಸೆರಗಿನ ಹಾಗೆ. ಕಷ್ಟ ಒಂದೇ ಆಗಿದ್ದರಿಂದ ಎರಡೂ ಕಡೆಯ ಹೆಂಗಸರು ಒಂದೇ ಉಪಾಯಕ್ಕೆ ಬಂದರು ಅಂತ ನನಗೆ ಅನ್ನಿಸುತ್ತದೆ. ಆ ಚಿತ್ರ ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಏನೇನು ಬೇಕು

ಮೊದಲ ಸಲಕ್ಕೆ ಇಳಕಲ್ ಸೀರೆ ಹಿಡಿಯಬೇಡಿ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಕೇಳಿ. ಅದರಲ್ಲಿ ಎಳೆಗಳು ಜೊತೆ ಜೊತೆಯಾಗಿ ಹೆಣೆದಿರುತ್ತವೆ. ಹಾಗಾಗಿ ಪುಟ್ಟ ಪುಟ್ಟ ಚೌಕಗಳು ಕಣ್ಣಿಗೆ ಕಾಣುತ್ತವೆ, ಎಣಿಸುವುದು ಸುಲಭ. ತಿಳಿ ಬಣ್ಣದ ಬಟ್ಟೆ, ಗಾಢ ಬಣ್ಣದ ದಾರ ಇರಲಿ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಬಟ್ಟೆ ಮೇಲೆ ಅಡ್ಡ 5 ಸೆಂ.ಮೀ., ಉದ್ದ 5 ಸೆಂ.ಮೀ. ಅಳೆದು ಚೌಕ ಎಣಿಸಿ. ಹಾಸಿನ ಲೆಕ್ಕವೂ ಹೊಕ್ಕಿನ ಲೆಕ್ಕವೂ ಒಂದೇ ಬರಬೇಕು. ಒಂದರಲ್ಲಿ 30, ಇನ್ನೊಂದರಲ್ಲಿ 25 ಬಂದರೆ ನಿಮ್ಮ ಗೋಪುರ ಕುಳ್ಳಾಗುತ್ತದೆ, ಇಲ್ಲವೇ ಉದ್ದವಾಗುತ್ತದೆ. ಎಷ್ಟೇ ಸರಿಯಾಗಿ ಎಣಿಸಿದರೂ ಅದು ಸರಿಹೋಗುವುದಿಲ್ಲ.

ದಾರಕ್ಕೆ ಆ್ಯಂಕರ್‌ನ ಹತ್ತಿ ದಾರದ ಲಡಿ ಸಾಕು. ಒಂದು ಲಡಿ 8 ಮೀಟರ್ ಇರುತ್ತದೆ, ಅದರಲ್ಲಿ 6 ಎಳೆ ಇರುತ್ತವೆ. ಆರನ್ನೂ ಪೋಣಿಸಬೇಡಿ. ಒಂದೊಂದೇ ಎಳೆ ಬಿಡಿಸಿಕೊಂಡು, ಎರಡನ್ನು ಜೋಡಿಸಿ ಪೋಣಿಸಿ. ಮೊಳದುದ್ದ, ಅಂದರೆ ಸುಮಾರು 45 ಸೆಂ.ಮೀ. ಇದ್ದರೆ ಸಾಕು. ಪದೇ ಪದೇ ಪೋಣಿಸಬೇಕಲ್ಲ ಅಂತ ಉದ್ದ ದಾರ ತೆಗೆದುಕೊಂಡರೆ ಅದು ಸಿಕ್ಕಾಗುತ್ತದೆ, ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಜುಂಗು ಏಳುತ್ತದೆ.

ಸೂಜಿಯ ಮೊನೆ ಮೊಂಡಾಗಿರಲಿ. ಇದು ಮುಖ್ಯ. ಚೂಪು ಸೂಜಿ ಬಟ್ಟೆಯ ಎಳೆಯನ್ನು ಸೀಳಿಕೊಂಡು ಹೋಗುತ್ತದೆ. ವಾಪಸ್ ಬರುವಾಗ ಮೊದಲು ಹಾಕಿದ ದಾರವನ್ನೂ ಚುಚ್ಚುತ್ತದೆ. ಮೊಂಡು ಸೂಜಿ ಎಳೆಗಳ ನಡುವಿನ ತೂತು ಹುಡುಕಿಕೊಂಡು ಇಳಿಯುತ್ತದೆ. ಇದರ ಜೊತೆ ಒಂದು ಗ್ರಾಫ್ ಹಾಳೆ, ಸಣ್ಣ ಕತ್ತರಿ. ರಿಂಗ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಮ್ಮ ಮನೆಯಲ್ಲಿ ಯಾರೂ ರಿಂಗ್ ಹಾಕಿದ್ದು ನಾನು ನೋಡಿಲ್ಲ, ಬಟ್ಟೆಯನ್ನು ಎಡಗೈ ಬೆರಳುಗಳ ಮೇಲೆ ಎಳೆದು ಹಿಡಿಯುತ್ತಿದ್ದರು.

ಹೆಜ್ಜೆ 1: ಒಂದು ಗೆರೆ

ಗಂಟು ಹಾಕಬೇಡಿ. ಹಿಂಬದಿಯಲ್ಲಿ 8 ಸೆಂ.ಮೀ. ಬಾಲ ಬಿಟ್ಟು, ಅದನ್ನು ಎಡಗೈ ಬೆರಳಿನಿಂದ ಒತ್ತಿ ಹಿಡಿಯಿರಿ. ಸೂಜಿ ಮೇಲೆ ತನ್ನಿ. 2 ಚೌಕ ಬಿಟ್ಟು ಕೆಳಗೆ ಇಳಿಸಿ. ಇನ್ನೂ 2 ಚೌಕ ಬಿಟ್ಟು ಮೇಲೆ ತನ್ನಿ. ಹೀಗೆ ಮೇಲೊಂದು ಕೆಳಗೊಂದು ಅಂತ ಒಟ್ಟು 10 ಹೊಲಿಗೆ. ಮುಂದೆ 5 ಕಾಣಬೇಕು, ನಡುವೆ ಅಷ್ಟೇ ಅಗಲದ ಖಾಲಿ ಜಾಗ ಇರಬೇಕು.

ಈಗ ತಿರುಗಿ. ಬಂದ ದಾರಿಯಲ್ಲೇ, ಅವೇ ತೂತುಗಳಲ್ಲಿ ವಾಪಸ್ ಬನ್ನಿ. ಖಾಲಿ ಬಿಟ್ಟಿದ್ದು ತುಂಬುತ್ತದೆ. ಬಟ್ಟೆ ತಿರುವಿ ನೋಡಿ, ಅಲ್ಲೂ ಅದೇ ಗೆರೆ!

ವಾಪಸ್ ಬರುವಾಗ ಗೆರೆ ಡೊಂಕಾಗುತ್ತಿದೆಯಾ? ಎಲ್ಲರಿಗೂ ಮೊದಲು ಹಾಗೇ ಆಗುತ್ತದೆ. ಒಂದು ತೂತಿನಲ್ಲಿ ಆಗಲೇ ಒಂದು ದಾರ ಇದೆ, ನೀವು ಇನ್ನೊಂದು ತರುತ್ತಿದ್ದೀರಿ. ಒಮ್ಮೆ ಅದರ ಎಡಕ್ಕೆ, ಒಮ್ಮೆ ಬಲಕ್ಕೆ ಬಂದರೆ ಗೆರೆ ಹಲ್ಲು ಹಲ್ಲಾಗುತ್ತದೆ. ಹಾಗಾಗಿ ಒಂದೇ ನಿಯಮ ಇಟ್ಟುಕೊಳ್ಳಿ. ಸೂಜಿ ಮೇಲೆ ಬರುವಾಗ ಹಳೆ ದಾರದ ಮೇಲ್ಗಡೆಯಿಂದ ಬರಲಿ, ಇಳಿಯುವಾಗ ಹಳೆ ದಾರದ ಕೆಳಗಡೆಯಿಂದ ಇಳಿಯಲಿ. ಪ್ರತಿ ಸಲವೂ ಹೀಗೇ. ನಾಲ್ಕು ಗೆರೆ ಹಾಕುವಷ್ಟರಲ್ಲಿ ಕೈಗೆ ಬಂದುಬಿಡುತ್ತದೆ.

ದಾರ ಬಿಗಿಯಾಗಿ ಎಳೆಯಬೇಡಿ. ಬಟ್ಟೆಯಲ್ಲಿ ತೂತು ಅಗಲವಾಗಿ ಕಂಡರೆ ಎಳೆದದ್ದು ಜಾಸ್ತಿ ಆಯಿತು ಅಂತ ಅರ್ಥ.

ಹೆಜ್ಜೆ 2: ಒಂದು ಚೌಕ

ಎಲ್ಲರೂ ಎಡವುವ ಜಾಗ ಇದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಾಲ್ಕು ಮೂಲೆಗೆ ಸುತ್ತಿಗೆ ಸರಿಯಾಗಿ 1, 2, 3, 4 ಅಂತ ಹೆಸರಿಡಿ. 1ರಲ್ಲಿ ಸೂಜಿ ಮೇಲೆ ತನ್ನಿ, 2ರಲ್ಲಿ ಇಳಿಸಿ. 3ರಲ್ಲಿ ಮೇಲೆ, 4ರಲ್ಲಿ ಕೆಳಗೆ. ಮತ್ತೆ 1ರಲ್ಲಿ ಮೇಲೆ. ಒಂದು ಸುತ್ತು ಆಯಿತು. ಮುಂಬದಿಯಲ್ಲಿ ಎದುರುಬದುರು ಎರಡು ಗೆರೆ ಕಾಣುತ್ತವೆ, 1–2 ಮತ್ತು 3–4. ಉಳಿದೆರಡು ಹಿಂಬದಿಯಲ್ಲಿವೆ.

ಈಗ ಕೈ ತಾನಾಗಿಯೇ ಮುಂದಕ್ಕೆ, 2ರ ಕಡೆಗೆ ಹೋಗುತ್ತದೆ. ತಡೆಯಿರಿ. 1–2ರಲ್ಲಿ ಆಗಲೇ ಹೊಲಿಗೆ ಇದೆ. ಹೋದರೆ ಅದರ ಮೇಲೇ ಇನ್ನೊಂದು ಬೀಳುತ್ತದೆ, ಖಾಲಿ ಜಾಗ ಖಾಲಿಯೇ ಉಳಿಯುತ್ತದೆ. ಎಷ್ಟು ಸುತ್ತು ಸುತ್ತಿದರೂ ಅಷ್ಟೇ. ಚೌಕಕ್ಕೆ ನಾಲ್ಕು ಬದಿ, ಅದು ಸರಿಸಂಖ್ಯೆ. ಮೇಲೆ, ಕೆಳಗೆ ಅನ್ನುವುದು ಪ್ರತಿ ಸುತ್ತಿನಲ್ಲೂ ಅದದೇ ಜಾಗಕ್ಕೆ ಬರುತ್ತದೆ.

ಉಲ್ಟಾ ತಿರುಗಬೇಕು. 1ರಿಂದ 4ಕ್ಕೆ ಹೋಗಿ ಇಳಿಯಿರಿ. 3ರಲ್ಲಿ ಮೇಲೆ ಬನ್ನಿ. 2ರಲ್ಲಿ ಇಳಿಯಿರಿ. ಅಲ್ಲಿಂದ ಹಿಂಬದಿಯಲ್ಲೇ 1ರ ಹತ್ತಿರ ಬನ್ನಿ. ಚೌಕ ಎರಡೂ ಕಡೆ ತುಂಬಿತು. 1ರಲ್ಲಿ ಮತ್ತೆ ಮೇಲೆ ಬರಬೇಡಿ. ಹಿಂಬದಿಯಲ್ಲೇ ಸೂಜಿಯನ್ನು ಪಕ್ಕದ ಎರಡು ಮೂರು ಹೊಲಿಗೆಗಳ ಅಡಿಯಲ್ಲಿ, ಗೆರೆ ಬಿಟ್ಟು ಆಚೀಚೆ ಹೋಗದಂತೆ ತೂರಿಸಿ ಕತ್ತರಿಸಿ. ಮೊದಲು ಬಿಟ್ಟ ಬಾಲವನ್ನೂ ಸೂಜಿಗೆ ಪೋಣಿಸಿ ಹೀಗೆಯೇ ಸೇರಿಸಿ. ಗಂಟಿಲ್ಲದ ಆರಂಭ, ಗಂಟಿಲ್ಲದ ಕೊನೆ ಅಂದರೆ ಇದೇ.

ಹೋದ ದಾರಿಯಲ್ಲೇ ವಾಪಸ್ ಬರುವುದು. ಇದೊಂದು ಮನಸ್ಸಿನಲ್ಲಿ ಕೂತರೆ ತೇರಾಗಲಿ, ಆನೆ ಅಂಬಾರಿಯಾಗಲಿ, ಗೆರೆಯಲ್ಲಿ ಬರೆಯುವ ಯಾವ ಚಿತ್ರಕ್ಕೂ ದಾರಿ ಸಿಗುತ್ತದೆ. ನನಗೆ ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎರಡು ಬೇಸಿಗೆ ರಜೆ ಬಿಚ್ಚಿ ಬಿಚ್ಚಿ ಹಾಕಿದ ಮೇಲೆ ತಲೆಗೆ ಹೋಯಿತು.

ಹೆಜ್ಜೆ 3: ಮೆಟ್ಟಿಲು

ಮುರಗಿ ಕಲಿಯಲು ಐದು ನಿಮಿಷ ಸಾಕು. ಮೇಲೆ 1 ಹೊಲಿಗೆ, ಬಲಕ್ಕೆ 1 ಹೊಲಿಗೆ, ಮತ್ತೆ ಮೇಲೆ, ಮತ್ತೆ ಬಲಕ್ಕೆ. ನಿಂತ ಹೊಲಿಗೆಗಳೆಲ್ಲ ಮುಂಬದಿಗೆ ಬರುತ್ತವೆ, ಮಲಗಿದವೆಲ್ಲ ಹಿಂಬದಿಗೆ. ಏರುವಾಗ ಮೆಟ್ಟಿಲೇ ಕಾಣುವುದಿಲ್ಲ, ಬರೀ ಕಡ್ಡಿಗಳನ್ನು ಓರೆಯಾಗಿ ಜೋಡಿಸಿಟ್ಟ ಹಾಗಿರುತ್ತದೆ. ಇಳಿದು ಬರುವಾಗ ಒಂದೊಂದೇ ಮಲಗಿದ ಹೊಲಿಗೆ ಬಿದ್ದು, ಕಡ್ಡಿಗಳು ಮೆಟ್ಟಿಲಾಗುತ್ತವೆ. ಕಸೂತಿಯಲ್ಲಿ ನನಗೆ ಬಹಳ ಇಷ್ಟವಾದ ಗಳಿಗೆ ಇದು.

ಹೆಜ್ಜೆ 4: ಗೋಪುರ

ಮೊದಲು ಗ್ರಾಫ್ ಹಾಳೆಯಲ್ಲಿ ಬರೆದುಕೊಳ್ಳಿ. ಹಾಳೆಯ ಒಂದು ಮನೆ ಅಂದರೆ ಒಂದು ಹೊಲಿಗೆ.

ಕೆಳಗಿನ ಎಡ ಮೂಲೆಯಿಂದ ಶುರು. ಮೇಲೆ 1, ಬಲಕ್ಕೆ 1. ಇದನ್ನು ಮೂರು ಸಲ ಮಾಡಿ. ಆಮೇಲೆ ಮೇಲೆ 1, ಬಲಕ್ಕೆ 1. ಈ ಕೊನೆಯ ಮಲಗಿದ ಹೊಲಿಗೆಯೇ ಗೋಪುರದ ತುದಿ. ಈಗ ಇಳಿಯಬೇಕು. ಕೆಳಗೆ 1, ಬಲಕ್ಕೆ 1, ಮೂರು ಸಲ. ಕೊನೆಗೆ ಕೆಳಗೆ 1. ಬಲ ಮೂಲೆಗೆ ಬಂದಿರಿ. ಅಲ್ಲಿಂದ ಎಡಕ್ಕೆ ನೇರವಾಗಿ 7 ಮನೆ ಬಂದರೆ ಶುರು ಮಾಡಿದ ಜಾಗ. ಮೆಟ್ಟಿಲಿಗೆ 15, ಬುಡಕ್ಕೆ 7, ಒಟ್ಟು 22 ಹೊಲಿಗೆ. ಎತ್ತರ 4 ಮನೆ, ಅಗಲ 7 ಮನೆ.

ಬಾಗಿಲು ಬುಡದ ನಡುವಿನ ಮನೆಯಲ್ಲಿ ನಿಲ್ಲುತ್ತದೆ. 1 ಮನೆ ಅಗಲ, 2 ಮನೆ ಎತ್ತರ.

ಈಗ ಬಟ್ಟೆಗೆ. ಎಡ ಮೂಲೆಯಲ್ಲಿ ಸೂಜಿ ಮೇಲೆ ತನ್ನಿ, ಮೆಟ್ಟಿಲು ಏರಿ, ಇಳಿಯಿರಿ. ಬಲ ಮೂಲೆಗೆ ಬರುವಾಗ ಮುಂಬದಿಯಲ್ಲಿ 8 ನಿಂತ ಹೊಲಿಗೆ ಕಾಣಬೇಕು, ಎಡಕ್ಕೆ 4, ಬಲಕ್ಕೆ 4. ಸೂಜಿ ಈಗ ಕೆಳಗಿದೆ. ಬುಡದ ಮೇಲೆ ಎಡಕ್ಕೆ ಹೊರಡಿ. ಮೊದಲನೆಯದು ಹಿಂಬದಿ, ಎರಡನೆಯದು ಮುಂಬದಿ, ಮೂರನೆಯದು ಹಿಂಬದಿ. ಮೂರು ಮನೆ ಆದವು, ಸೂಜಿ ಮೇಲೆ ಬಂದಿದೆ. ಇದು ಬಾಗಿಲಿನ ಬಲಗಾಲು.

ದಾರಿಯಲ್ಲಿ ಕವಲು ಸಿಕ್ಕರೆ ಏನು ಮಾಡಬೇಕು? ಆ ಕವಲಿಗೆ ಹೋಗಿ, ಕೊನೆ ಮುಟ್ಟಿ, ಅದೇ ದಾರಿಯಲ್ಲಿ ವಾಪಸ್ ಬಂದು, ಬಿಟ್ಟ ಜಾಗದಿಂದ ಮುಂದೆ ಹೋಗಬೇಕು. ಬಾಗಿಲು ಅಂಥ ಕವಲು. ಮೇಲೆ 2, ಎಡಕ್ಕೆ 1, ಕೆಳಗೆ 2. ಐದು ಹೊಲಿಗೆ ಹೋದಿರಿ. ಈಗ ತಿರುಗಿ. ಮೇಲೆ 2, ಬಲಕ್ಕೆ 1, ಕೆಳಗೆ 2. ಬಾಗಿಲು ಎರಡೂ ಕಡೆ ತುಂಬಿತು, ಸೂಜಿ ಮತ್ತೆ ಬಲಗಾಲಿನ ಬುಡದಲ್ಲೇ ಮೇಲೆ ಬಂತು. ಏನೂ ಆಗಿಲ್ಲವೇನೋ ಅನ್ನುವ ಹಾಗೆ ಬುಡದ ಗೆರೆ ಮುಂದುವರಿಸಿ. ಕವಲು ಎಷ್ಟೇ ಉದ್ದ ಇರಲಿ, ಹೋಗಿ ಬಂದ ಹೊಲಿಗೆಗಳ ಮೊತ್ತ ಯಾವಾಗಲೂ ಸರಿಸಂಖ್ಯೆಯೇ. ಹಾಗಾಗಿ ಮೇಲೆ ಕೆಳಗೆ ಲೆಕ್ಕ ತಪ್ಪುವುದಿಲ್ಲ.

ಉಳಿದ 4 ಮನೆ ಮುಗಿಸಿ ಎಡ ಮೂಲೆಗೆ ಬನ್ನಿ. ಇಲ್ಲಿ ಹೊಲಿಯುವುದನ್ನು ನಿಲ್ಲಿಸಿ ನೋಡಿ. ಶುರು ಮಾಡಿದ ತೂತಿಗೇ ಬಂದಿರಾ? ಒಂದು ಎಳೆ ಆಚೀಚೆ ಆಗಿದ್ದರೂ ಎಲ್ಲೋ ಎಣಿಕೆ ತಪ್ಪಿದೆ. ಬಾಗಿಲು ಬಿಟ್ಟು ಮುಂಬದಿಯಲ್ಲಿ 11 ಹೊಲಿಗೆ ಇರಬೇಕು, 8 ನಿಂತವು, 3 ಬುಡದವು. ಹೋಗುವ ದಾರಿಯೇ ಪರೀಕ್ಷೆ. ಅದು ಕೂಡಿಕೊಳ್ಳುವ ತನಕ ವಾಪಸ್ ಹೊರಡಬೇಡಿ. ಒಂದೇ ಪದರ ಇರುವಾಗ ಬಿಚ್ಚುವುದು ಸುಲಭ, ಸೂಜಿಯ ಕಣ್ಣಿನ ತುದಿಯಿಂದ ಒಂದೊಂದೇ ಎತ್ತಿದರೆ ಆಯಿತು. ಎರಡೂ ಪದರ ಬಿದ್ದ ಮೇಲೆ ಬಿಚ್ಚಲು ಹೋದರೆ ದಾರ ಹರಿಯುತ್ತದೆ, ಬಟ್ಟೆಯೂ ಸಡಿಲಾಗುತ್ತದೆ.

ಸರಿ ಬಂದಿದ್ದರೆ ಉಲ್ಟಾ ತಿರುಗಿ. ಮೊದಲು ಬುಡ, ಬಾಗಿಲಿನ ಕಡೆ ಹೋಗದೆ ನೇರವಾಗಿ. ಆಮೇಲೆ ಬಲಗಡೆಯ ಮೆಟ್ಟಿಲು, ತುದಿ, ಎಡಗಡೆಯ ಮೆಟ್ಟಿಲು. ಶುರು ಮಾಡಿದ ಮೂಲೆಗೆ ಬಂದು ದಾರ ಹಿಂಬದಿಯಲ್ಲಿ ತೂರಿಸಿ.

ದಾರ ಸಾಲುತ್ತದಾ ಅನ್ನುವ ಭಯ ಬೇಡ. ಒಂದು ಹೊಲಿಗೆ 3 ಮಿ.ಮೀ. ಇದೆ ಅಂದುಕೊಳ್ಳಿ. ಬಾಗಿಲು ಸೇರಿ 27 ಹೊಲಿಗೆ, ಒಂದೊಂದೂ ಎರಡು ಕಡೆ. ಅಂದರೆ 162 ಮಿ.ಮೀ., ಸುಮಾರು 16 ಸೆಂ.ಮೀ. ಎರಡು ಬಾಲಕ್ಕೆ ಇನ್ನೊಂದು 16 ಸೆಂ.ಮೀ. ಮೊಳದುದ್ದದಲ್ಲಿ ಆರಾಮಾಗಿ ಮುಗಿಯುತ್ತದೆ. ದೊಡ್ಡ ಚಿತ್ರ ಹಾಕುವ ಮುಂಚೆ ಈ ಲೆಕ್ಕ ಮಾಡಿಕೊಳ್ಳಿ. ನಡುದಾರಿಯಲ್ಲಿ ದಾರ ಮುಗಿದರೆ ಬಾಲ ಅಡಗಿಸಲು ಜಾಗವೇ ಇರುವುದಿಲ್ಲ, ಯಾಕೆಂದರೆ ಹಿಂಬದಿಯಲ್ಲಿ ಇನ್ನೂ ಅರ್ಧ ಖಾಲಿ ಇರುತ್ತದೆ.

ಹೆಜ್ಜೆ 5: ಕಳಸ

ತುದಿಯ ಮಲಗಿದ ಹೊಲಿಗೆಯ ಮೇಲೆ ಒಂದು ಮನೆ ಇದೆ ಅಂದುಕೊಂಡು, ಅದರೊಳಗೆ ಹಳದಿ ದಾರದಿಂದ ಒಂದು ಮೆಂತಿ ಹಾಕಿ. ಕೆಳಗಿನ ಎಡದಿಂದ ಮೇಲಿನ ಬಲಕ್ಕೆ. ಆಮೇಲೆ ಕೆಳಗಿನ ಬಲದಿಂದ ಮೇಲಿನ ಎಡಕ್ಕೆ. ಹಿಂಬದಿಯಲ್ಲಿ ಅಡ್ಡ ಹೊಲಿಗೆಯ ಬದಲು ಒಂದು ನಿಂತ ಗೆರೆ ಕಾಣುತ್ತದೆ, ಸಹಜ. ಒಂದಕ್ಕಿಂತ ಜಾಸ್ತಿ ಮೆಂತಿ ಹಾಕುವಾಗ ಮೇಲೆ ಬರುವ ಎಳೆ ಎಲ್ಲದರಲ್ಲೂ ಒಂದೇ ದಿಕ್ಕಿಗೆ ಇರಲಿ. ಇಲ್ಲದಿದ್ದರೆ ಬೆಳಕಿಗೆ ಒಂದೊಂದು ಒಂದೊಂದು ಥರ ಹೊಳೆಯುತ್ತದೆ.

ಸೀರೆಗೆ ಹೋಗುವ ಮುಂಚೆ

ಇಂಥ ಹತ್ತು ಗೋಪುರ ಸಾಲಾಗಿ ಹಾಕಿ. ಬೇಸರ ಬರಲ್ಲ, ನೋಡಿ. ಮೂರನೆಯದರ ಹೊತ್ತಿಗೆ ಎಣಿಸುವುದನ್ನು ಬೆರಳೇ ಮಾಡುತ್ತಿರುತ್ತದೆ. ಆಮೇಲೆ ತುಳಸಿ ಕಟ್ಟೆ, ತೊಟ್ಟಿಲು, ನವಿಲು. ತೇರು, ಆನೆ ಅಂಬಾರಿ ಕೊನೆಗಿರಲಿ. ಅವುಗಳಲ್ಲಿ ಗವಂತಿ, ಮುರಗಿಗಳ ಜೊತೆ ನೇಗಿಯೂ ಸೇರುತ್ತದೆ, ಕವಲಿನೊಳಗೆ ಕವಲು ಬರುತ್ತವೆ. ಗ್ರಾಫ್ ಮೇಲೆ ಪೆನ್ಸಿಲ್ ಎತ್ತದೆ ದಾರಿ ಎಳೆದು ನೋಡಿಕೊಂಡೇ ಸೂಜಿ ಹಿಡಿಯಿರಿ. ಚಿತ್ರದಲ್ಲಿ ಯಾವುದಕ್ಕೂ ತಾಗದ ಬಿಡಿ ತುಂಡು ಇದ್ದರೆ ಅದಕ್ಕೆ ಬೇರೆ ದಾರವೇ ಬೇಕು. ಹಿಂಬದಿಯಲ್ಲಿ ಹಾರಿಸಿಕೊಂಡು ಹೋದರೆ ಆ ಎಳೆ ಎದ್ದು ಕಾಣುತ್ತದೆ.

ಹಳೆಯ ಕಸೂತಿ ಸೀರೆ ಮನೆಯಲ್ಲಿದ್ದರೆ ಹರವಿ ನೋಡಿ. ಸೆರಗಿನ ಹತ್ತಿರ ದೊಡ್ಡ ದೊಡ್ಡ ಚಿತ್ರಗಳು, ಒಡಲ ಕಡೆಗೆ ಹೋಗುತ್ತಾ ಚಿಕ್ಕವಾಗುತ್ತವೆ. ಕೊನೆಗೆ ಬರೀ ಚುಕ್ಕಿಯಷ್ಟು ಹೂವು. ಅಲಂಕಾರ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ನಾನು ಕಲಿತದ್ದು ಅಂಥ ಸೀರೆಗಳಿಂದಲೇ. ಬಣ್ಣವೂ ಹಾಗೆ. ಕಪ್ಪು ಚಂದ್ರಕಾಳಿ ಸೀರೆ ಮೇಲೆ ಕೆಂಪು, ಕಿತ್ತಳೆ, ಹಸಿರು, ಹಳದಿ, ನೇರಳೆ. ತಿಳಿ ಬಣ್ಣ ಅಲ್ಲಿ ಸೊರಗುತ್ತದೆ.

ಇಳಕಲ್ ಸೀರೆಯ ಎಳೆ ಸಣ್ಣ. ಅಲ್ಲಿ ಚೌಕ ಕಾಣುವುದಿಲ್ಲ, ಎಳೆಯನ್ನೇ ಎಣಿಸಬೇಕು. ಹಗಲು ಬೆಳಕಲ್ಲಿ, ಕಿಟಕಿ ಪಕ್ಕ ಕೂತುಕೊಳ್ಳಿ. ಕಪ್ಪು ಬಟ್ಟೆಯಾದರೆ ತೊಡೆ ಮೇಲೆ ಒಂದು ಬಿಳಿ ಪಂಚೆ ಹಾಸಿಕೊಳ್ಳಿ. ತೂತುಗಳಲ್ಲಿ ಬಿಳುಪು ಇಣುಕುತ್ತದೆ, ಎಣಿಕೆ ಸಿಗುತ್ತದೆ. ದಾರ ಒಂದೇ ಎಳೆ ಸಾಕಾಗಬಹುದು, ಬಟ್ಟೆಯ ಅಂಚಿನಲ್ಲಿ ನಾಲ್ಕು ಹೊಲಿಗೆ ಹಾಕಿ ನೋಡಿ ತೀರ್ಮಾನಿಸಿ.

ನುಣುಪು ರೇಷ್ಮೆಯಂಥ, ಎಣಿಸಲು ಆಗದ ಬಟ್ಟೆಗೂ ದಾರಿ ಇದೆ. ಸಡಿಲ ನೇಯ್ಗೆಯ ಕ್ಯಾನ್ವಾಸ್ ತುಂಡನ್ನು ಬಟ್ಟೆ ಮೇಲಿಟ್ಟು ಸುತ್ತಲೂ ಟಾಕು ಹಾಕಿ. ಅದರ ಎಳೆ ಎಣಿಸಿ ಎರಡನ್ನೂ ಸೇರಿಸಿ ಹೊಲಿಯಿರಿ. ಇಲ್ಲಿ ಮಾತ್ರ ಚೂಪು ಸೂಜಿಯೇ ಬೇಕು. ಮುಗಿದ ಮೇಲೆ ಕ್ಯಾನ್ವಾಸ್‌ನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಹೊಲಿಗೆ ಬಟ್ಟೆ ಮೇಲೆ ಉಳಿಯುತ್ತದೆ. ನನಗೆ ಈ ಉಪಾಯ ಅಷ್ಟಾಗಿ ಒಗ್ಗಿಲ್ಲ, ಹೊಲಿಗೆ ಸ್ವಲ್ಪ ಸಡಿಲವಾಗಿ ನಿಲ್ಲುತ್ತದೆ. ಆದರೆ ಕುರ್ತಾ, ದುಪಟ್ಟಾಗಳಿಗೆ ಬೇರೆ ದಾರಿಯಿಲ್ಲ.

ಒಗೆಯುವ ವಿಷಯ ಒಂದೇ ಮಾತು. ಹೊಸ ಕೆಂಪು ದಾರ ತಂದರೆ ಅದರ ತುಂಡೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ದಾರ ಬೇಡ. ಹಾಕಿದ ಮೇಲೆ ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ, ಹಿಂಡಬೇಡಿ. ಇಸ್ತ್ರಿ ಮಾಡುವಾಗ ದಪ್ಪ ಟವೆಲ್ ಹಾಸಿ, ಕಸೂತಿಯನ್ನು ಅದರ ಮೇಲೆ ಬೋರಲು ಹಾಕಿ. ಯಾವುದು ಬೋರಲು ಅಂತ ಬಾಗಿಲು, ಮೆಟ್ಟಿಲು ನೋಡಿದರೆ ಗೊತ್ತಾಗಬಾರದು. ಕಳಸದ ಮೆಂತಿ ನೋಡಿ ಹುಡುಕಬೇಕು.